ಸೂತಕದ ಫೋನು

ನಮ್ಮ ಮನೆಯಲ್ಲಿ ದೇವರ ಕೋಣೆಯ ಹೊಸ್ತಿಲು ದಾಟಬಾರದ ವಸ್ತುಗಳು ಎರಡು. ಒಂದು ಚಪ್ಪಲಿ, ಇನ್ನೊಂದು ನನ್ನ ಫೋನು. ಚಪ್ಪಲಿಯಾದರೂ ಪಡಸಾಲೆಯ ಮೂಲೆಯ ತನಕ ಬರಬಹುದು. ಫೋನಿಗೆ ಅಷ್ಟೂ ಮರ್ಯಾದೆಯಿಲ್ಲ. ಅದರ ಜಾಗ ಬಾಗಿಲಾಚೆಯ ಕಿಟಕಿಯ ಕಟ್ಟೆ. ಬಿಸಿಲಿಗೆ ಕಾದು, ಧೂಳು ಕುಡಿದು ಅದು ಅಲ್ಲೇ ಬಿದ್ದಿರುತ್ತದೆ. ನಾನು ಅದರಲ್ಲಿ ಮಾತಾಡಿ ಒಳಗೆ ಬಂದೆನೆಂದರೆ ಅವ್ವ ಅಡುಗೆಮನೆಯಿಂದಲೇ ಕೂಗುತ್ತಾಳೆ: "ಗಿರ್ಯಾ, ಯಾವ ಫೋನದು? ಕಾಯಿಪಲ್ಲೆದ್ದೋ, ಆ ಕಡೀದೋ?" ಕಾಯಿಪಲ್ಲೆಯದಾದರೆ ಕಾಲು ತೊಳೆದರೆ ಸಾಕು. ಆ ಕಡೆಯದಾದರೆ ತಲೆಯ ಮೇಲೆ ನೀರು.

ಆ ಕಡೆ ಎಂದರೆ ಯಾವ ಕಡೆ ಎಂದು ನಿಮಗೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಏನೇನೋ ತಿಳಿದುಕೊಳ್ಳುತ್ತೀರಿ. ನಾನು ಬಾಗಲಕೋಟೆಯ ನವನಗರದ ಒಂದು ಕಣ್ಣಿನ ದವಾಖಾನೆಯಲ್ಲಿ ಕೆಲಸಕ್ಕಿದ್ದೇನೆ. ಡಾಕ್ಟರನಲ್ಲ. ಕಣ್ಣು ದಾನ ಮಾಡುತ್ತೇವೆಂದವರು ತೀರಿಕೊಂಡಾಗ ಅವರ ಮನೆಗೆ ಹೋಗಿ ಕಣ್ಣು ತೆಗೆದು, ಡಬ್ಬಿಯಲ್ಲಿಟ್ಟುಕೊಂಡು ಬರುವವನು. ಜೀವ ಹೋದ ಆರು ತಾಸಿನೊಳಗೆ ನಮ್ಮ ಕೆಲಸ ಮುಗಿಯಬೇಕು, ತಡವಾದರೆ ಕಣ್ಣು ಕೆಲಸಕ್ಕೆ ಬಾರದು. ಬಾದಾಮಿ ಇರಲಿ, ಹುನಗುಂದ ಇರಲಿ, ಇಳಕಲ್ ಇರಲಿ, ಊಟದ ತಾಟು ಸರಿಸಿ ಏಳಬೇಕು. ಹಾಗೆ ಏಳಿಸುವುದು ಈ ಫೋನು. ಅದು ನನ್ನ ಸ್ವಂತದ್ದು. ಅದರ ನಂಬರನ್ನೇ ದವಾಖಾನೆಯವರು ಪೋಸ್ಟರ್ ಮಾಡಿಸಿ ಬಸ್‌ಸ್ಟ್ಯಾಂಡು, ಕಿರಾಣಿ ಅಂಗಡಿ, ಮಠದ ಬಾಗಿಲು, ಎಲ್ಲೆಂದರಲ್ಲಿ ಅಂಟಿಸಿದ್ದಾರೆ. ದವಾಖಾನೆಯಿಂದಲೇ ಒಂದು ಬೇರೆ ಫೋನ್ ಕೊಡಿರೆಂದು ನಾನು ವರ್ಷಗಟ್ಟಲೆ ಗೋಗರೆದೆ. ನಮ್ಮ ಆಡಳಿತಾಧಿಕಾರಿಗಳು ಪ್ರತಿಸಲ ನನ್ನ ಅಂಗಿಯ ಜೇಬಿನ ಕಡೆ ಬೊಟ್ಟು ಮಾಡಿ, "ಜೋಶಿ, ಒಂದು ಅದಲ್ಲೋ ನಿನ್ನ ಕಡೆ? ಎರಡೆರಡು ಹೊತಗೊಂಡು ಏನ್ ಮಾಡ್ತಿ?" ಎನ್ನುತ್ತಿದ್ದರು.

ಏನು ಮಾಡುತ್ತೇನೆಂದು ಅವರಿಗೆ ಹೇಗೆ ತಿಳಿಯಬೇಕು? ಕೊತ್ತಂಬರಿ ತರಲು ಹೇಳುವುದೂ ಅದೇ ಗಂಟೆ, ಯಾರೋ ಹೋದರೆಂದು ಹೇಳುವುದೂ ಅದೇ ಗಂಟೆ. ಒಮ್ಮೆ ಇಳಕಲ್‌ನಲ್ಲಿ ನಮ್ಮ ಸೋದರಮಾವನ ಮಗನ ಮುಂಜಿ. ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿರುವಾಗ ನನ್ನ ಫೋನ್ ಬಾರಿಸಿತು. ಸಾಲು ಪೂರ್ತಿ ಕೈ ಬಾಯಿ ನಿಲ್ಲಿಸಿತು. ಎಲ್ಲರೂ ನನ್ನನ್ನು ನೋಡಿದರು, ಆಮೇಲೆ ಎಲ್ಲರೂ ತಿರುಗಿ ಮೊದಲ ಎಲೆಗೆ ಕುಳಿತಿದ್ದ, ಎಲ್ಲರಿಗಿಂತ ಹಿರಿಯಳಾದ ಅವ್ವನ ಅಕ್ಕ, ನಮ್ಮ ದೊಡ್ಡ ಮೌಶಿಯನ್ನು ನೋಡಿದರು. ಮೌಶಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ನನ್ನ ಕಡೆ ಯಾಕ ನೋಡ್ತೀರೋ? ನಾ ಇನ್ನೂ ಇಲ್ಲೇ ಇದ್ದೇನಿ!" ಎಂದಳು. ಎಲ್ಲರೂ ನಕ್ಕರು. ನಾನು ಮಾತ್ರ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಆವತ್ತಿನಿಂದ ನೆಂಟರು ನನಗೆ ಫೋನ್ ಮಾಡುವುದನ್ನು ಬಿಟ್ಟರು, ನನ್ನಿಂದ ಫೋನ್ ಬಂದರೆ ಎತ್ತುವುದನ್ನೂ ಬಿಟ್ಟರು.

ಕಾಣದವರ ದನಿಗೆ ಹೆದರುವುದು ನನಗೆ ಹೊಸದೇನಲ್ಲ. ನಾನು ಹುಟ್ಟಿ ಬೆಳೆದದ್ದು ಬಾದಾಮಿ. ಸಾಲಿ ಬಿಟ್ಟ ಮೇಲೆ ನಾವು ಹುಡುಗರು ಅಗಸ್ತ್ಯ ಹೊಂಡದ ದಂಡೆಗೆ ಹೋಗಿ, ಎದುರಿನ ಕೆಂಪು ಬಂಡೆಗಳಿಗೆ ನಮ್ಮ ನಮ್ಮ ಹೆಸರು ಹೇಳಿ ಕೂಗುತ್ತಿದ್ದೆವು. ಬಂಡೆ ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಕೂಗುತ್ತಿತ್ತು. ಆ ಒಂದು ಗಳಿಗೆ ಇತ್ತಲ್ಲ, ಅದರಲ್ಲಿಯೇ ಎಲ್ಲ ಮಜಾ ಇದ್ದದ್ದು. ಅಜ್ಜಿಗೆ ಈ ಆಟ ಸರಿಬರುತ್ತಿರಲಿಲ್ಲ. "ಇದ್ದವರ ಹೆಸರು ಕರೀರಿ, ಬ್ಯಾಡ ಅನ್ನೂದಿಲ್ಲ. ಹೋದವರ ಹೆಸರು ಮಾತ್ರ ಕರೀಬ್ಯಾಡ್ರಿ. ಹೊಳ್ಳಿ ಓ ಅಂದಾರು" ಎನ್ನುತ್ತಿದ್ದಳು. ಹೇಳಿದ ಮೇಲೆ ಬಿಡುವವರು ಯಾರು? ನನ್ನ ಚಿಕ್ಕಪ್ಪನ ಮಗ ಶ್ರೀನ್ಯಾ ಒಂದು ಸಂಜೆ ತೀರಿಹೋದ ನಮ್ಮ ಅಜ್ಜನ ಹೆಸರನ್ನು ಉದ್ದಕ್ಕೆ ಎಳೆದು ಕೂಗಿಯೇಬಿಟ್ಟ. ಕೂಗಿದ್ದೇ ತಡ, ಎಲ್ಲರೂ ಎರಡೂ ಕಿವಿ ಮುಚ್ಚಿಕೊಂಡು ಮನೆ ಮುಟ್ಟುವ ತನಕ ಓಡಿದೆವು. ಬಂಡೆ ಏನೆಂದಿತೋ, ಇವತ್ತಿಗೂ ಗೊತ್ತಿಲ್ಲ.

ಇಂಥ ಪುಕ್ಕಲನಿಗೆ ಇಂಥ ಕೆಲಸ ಸಿಕ್ಕಿತು ನೋಡಿ. ಹೊಟ್ಟೆಪಾಡು, ಏನು ಮಾಡುವುದು? ಈ ಕೆಲಸದಿಂದ ನನ್ನ ಕಣ್ಣಿಗೂ ಒಂದು ಚಟ ಹತ್ತಿದೆ. ನಮ್ಮ ಕಡೆ ಲಿಂಗಾಯತರ ಮನೆಗಳಲ್ಲಿ ತೀರಿಕೊಂಡವರನ್ನು ಮಲಗಿಸಿ ಇಡುವುದಿಲ್ಲ, ಕೂಡಿಸುತ್ತಾರೆ. ಜಳಕ ಮಾಡಿಸಿ, ಹಣೆ ತುಂಬ ವಿಭೂತಿ ಹಚ್ಚಿ, ತಲೆ ವಾಲದಂತೆ ಬಟ್ಟೆ ಕಟ್ಟಿ ಗೋಡೆಗೆ ಆನಿಸಿ ಕೂಡಿಸಿದರೆ, ಬಂದವರನ್ನು ಬರ್ರಿ ಎಂದು ಕರೆಯುವ ಹಾಗೆಯೇ ಕಾಣುತ್ತಾರೆ. ಅವರ ಕಾಲ ಬಳಿ ಮೂರು ದಿನದಿಂದ ನಿದ್ದೆಗೆಟ್ಟ ಮನೆಯವರು ಚಾಪೆಯ ಮೇಲೆ ಒರಗಿರುತ್ತಾರೆ. ಹೀಗಾಗಿ ನನ್ನ ಲೆಕ್ಕದಲ್ಲಿ ಕುಳಿತವರು ಹೋದವರು, ಮಲಗಿದವರು ಇದ್ದವರು. ಯಾವ ಮನೆಗೆ ಹೋದರೂ ಗೋಡೆಗೆ ಆನಿಸಿ ಕುಳಿತ ಹಿರಿಯರು ಕಂಡರೆ ಸಾಕು, ನನ್ನ ಕಾಲು ಅಲ್ಲೇ ನಿಲ್ಲುತ್ತದೆ. ಕೂಡಿಸಿದ ಮೇಲೆ ಕಣ್ಣು ತೆಗೆಯುವುದು ಕಷ್ಟ, ಮತ್ತೆ ಇಳಿಸಿ ಮಲಗಿಸಲು ಮನೆಯವರು ಒಪ್ಪುವುದಿಲ್ಲ. ಅದಕ್ಕೆ ನಾವು ಎಲ್ಲರಿಗೂ ಹೇಳುವುದು ಒಂದೇ: ಕೂಡಿಸುವ ಮುಂಚೆ ಫೋನ್ ಮಾಡಿರಿ, ಫ್ಯಾನ್ ಬಂದ್ ಮಾಡಿರಿ, ತಲೆಗೆ ದಿಂಬು ಕೊಟ್ಟು ಮುಚ್ಚಿದ ಕಣ್ಣ ಮೇಲೆ ನೀರಲ್ಲಿ ತೋಯಿಸಿದ ಹತ್ತಿ ಇಡಿರಿ.

ಮಾತಿಲ್ಲದ ಆ ಕರೆಗಳು ಶುರುವಾದದ್ದು ಹೋದ ಚಳಿಗಾಲದಲ್ಲಿ.

ಮುಂಜಾನೆ, ಹಾಲಿನವನು ಬಂದು ಹೋಗುವ ಹೊತ್ತು. ಕಿಟಕಿಯಲ್ಲಿ ಫೋನ್ ಬಾರಿಸಿತು. ಎತ್ತಿ ಹಲೋ ಎಂದೆ. ಆ ಕಡೆಯಿಂದ ಮಾತಿಲ್ಲ. ಉಸಿರು ಮಾತ್ರ ಕೇಳಿಸುತ್ತಿತ್ತು. ಯಾರೋ ಫೋನನ್ನು ಬಾಯಿಗೆ ಹತ್ತಿರ ಹಿಡಿದು ಉಸಿರಾಡುತ್ತಿದ್ದರು. ಒಮ್ಮೆ ಬಳೆ ಸದ್ದಾಯಿತು. ಆಮೇಲೆ ಬಹಳ ದೂರದಿಂದ ಒಂದು ಗಂಡುದನಿ, "ಸಾಕು, ಬಿಡು" ಎಂದಿತು. ಫೋನ್ ಬಂದಾಯಿತು. ತಿರುಗಿ ಮಾಡಿದರೆ ಸ್ವಿಚ್ ಆಫ್.

ಮರುದಿನ ಮತ್ತೆ ಅದೇ ಹೊತ್ತಿಗೆ ಅದೇ ಉಸಿರು, ಅದೇ ಬಳೆ, ಅದೇ "ಸಾಕು, ಬಿಡು". ಅದರ ಮರುದಿನವೂ ಅಷ್ಟೇ. ಯೋಚಿಸಿರಿ, ಸತ್ತವರ ಸಲುವಾಗಿ ಬಾರಿಸುವ ಫೋನಿನಲ್ಲಿ ಯಾರೋ ಯಾರಿಗೋ ಸಾಕು ಬಿಡು ಎಂದರೆ ಕೇಳುವವನ ಗತಿ ಏನು? ಯಾರು ಏನನ್ನು ಬಿಡುತ್ತಿದ್ದಾರೆ? ಹಿಡಿದದ್ದನ್ನೋ, ಉಸಿರನ್ನೋ? ಹಾಲಿನವನ ಸೈಕಲ್ ಗಂಟೆ ಕೇಳಿದರೆ ನಾನು ಹಾಸಿಗೆಯಿಂದ ಜಿಗಿದೇಳತೊಡಗಿದೆ. ಅವ್ವನಿಗೆ ಹೇಳಬಾರದಿತ್ತು, ಹೇಳಿದೆ. ಅವಳು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು, "ನೀ ಮಾತಾಡಬ್ಯಾಡ ಗಿರ್ಯಾ. ನೀ ಮಾತಾಡೂದನ್ನ ಅದು ಕಾಯಲಿಕ್ಕತ್ತದ" ಎಂದಳು. ನನ್ನ ಹೆಂಡತಿ ಸುಧಾ ಓದಿದವಳು, ಭೂತಗೀತ ನಂಬುವವಳಲ್ಲ. ಅವಳು ಹೇಳಿದ್ದು ಬೇರೆ: "ದವಾಖಾನಿಯವ್ರು ಬ್ಯಾರೆ ಫೋನ್ ಕೊಡೋತನಕ ನಾ ಬಾದಾಮ್ಯಾಗ ನಮ್ಮ ತವರಮನ್ಯಾಗ ಇರ್ತೇನ್ರೀ. ನೀವೂ ನಿಮ್ಮ ಅವ್ವಾನೂ ಅದರ ಕೂಡ ಸಂಸಾರ ಮಾಡ್ರಿ."

ಕೊನೆಗೊಂದು ಮುಂಜಾನೆ ನನಗೆ ಹೆದರಿಕೆಗಿಂತ ಸಿಟ್ಟು ಹೆಚ್ಚಾಯಿತು. ಬಳೆ ಸದ್ದಾಗುತ್ತಲೇ ಓಣಿಗೆ ಕೇಳುವಂತೆ ಒದರಿದೆ: "ಯಾರ್ರೀ ಅದು? ಸತ್ತಾರೋ ಇದ್ದಾರೋ, ಎರಡರಾಗ ಒಂದು ಹೇಳ್ರಿ!"

ದೂರದ ದನಿ ಗಡಬಡಿಸಿ ಹತ್ತಿರ ಬಂತು. "ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ಯಾರೂ ಸತ್ತಿಲ್ರಿ. ಲೈನ್ ಟೆಸ್ಟಿಂಗ್ ಮಾಡಾಕತ್ತೀವಿ. ಸಾಯಾಂವ ನಾ, ಒತ್ತಾಕಿ ಈಕಿ."

ಹೀಗೆ ಸಂಗಪ್ಪನವರ ಪರಿಚಯವಾಯಿತು. ಹುನಗುಂದದ ಕಡೆಯ ಮರೋಳದವರು. ಟೆಲಿಫೋನ್ ಲೈನ್‌ಮನ್ ಆಗಿ ನಿವೃತ್ತರಾದವರು. ಕಂಬ ಹತ್ತಿ ತಂತಿ ಜೋಡಿಸಿದ ಮೇಲೆ ಕಿವಿಗೆ ಹಚ್ಚಿ ನೋಡದೆ ಕೆಳಗಿಳಿದವರೇ ಅಲ್ಲವಂತೆ. ಅವರ ಕಣ್ಣಿನ ವಿಷಯಕ್ಕೂ ಅದೇ ಪದ್ಧತಿ. ಕಣ್ಣು ಕೊಡುತ್ತೇನೆಂದು ಬರೆದುಕೊಟ್ಟಿದ್ದರು, ಆದರೆ ಕೊಡಲು ಆ ಹೊತ್ತಿಗೆ ತಾವು ಇರುವುದಿಲ್ಲವಲ್ಲ? ಪಕ್ಕದ ಮನೆಯಲ್ಲಿದ್ದ ಅಣ್ಣನ ಮಕ್ಕಳು ಸುತರಾಂ ಒಪ್ಪಿರಲಿಲ್ಲ. "ಕಣ್ಣ ಇಲ್ಲಂದ್ರ ಸಂಗಮನಾಥನ್ನ ಹ್ಯಾಂಗ ನೋಡ್ತಾನ ನಮ್ಮ ಕಾಕಾ?" ಎಂಬುದು ಅವರ ವಾದ. ಜೀವ ಹೋದದ್ದು ಅವರಿಗೆ ತಿಳಿದರೆ ಕೂಡಿಸಿಯೇಬಿಡುತ್ತಾರೆ. ಅವರಿಗಿಂತ ಮುಂಚೆ ನನಗೆ ತಿಳಿಯಬೇಕು. ತಿಳಿಸುವವರು ಹೆಂಡತಿ ನೀಲವ್ವ ಒಬ್ಬರೇ. ನೀಲವ್ವನಿಗೋ ಫೋನ್ ಎಂದರೆ ಆಗದು. ಅದಕ್ಕೆ ಒಂದೇ ಬಟನ್ ಒತ್ತಿದರೆ ನನಗೆ ಹತ್ತುವಂತೆ ಮಾಡಿ, ದಿನಾ ಮುಂಜಾನೆ ಆಕೆಯ ಕೈಯಿಂದ ಒತ್ತಿಸಿ, ಹತ್ತಿತೆಂದು ಖಾತ್ರಿಯಾದ ಮೇಲೆ ಸಾಕು ಬಿಡು ಎನ್ನುತ್ತಿದ್ದರು. ಬ್ಯಾಟರಿ ಉಳಿಯಲೆಂದು ಆಮೇಲೆ ಸ್ವಿಚ್ ಆಫ್.

ಕೂಡಲಸಂಗಮಕ್ಕೆ ಹೋದಾಗ ಒಮ್ಮೆ ಅವರ ಮನೆಗೆ ಹೋದೆ. ಫೋನಿನಲ್ಲಿ ಉಸಿರು ಬಿಟ್ಟು ಬೇರೇನೂ ಆಡದ ಆ ನೀಲವ್ವ ಎದುರಿಗೆ ಸಿಕ್ಕರೆ ಬಾಯಿಗೆ ಬಿಡುವಿಲ್ಲ! ಚುರುಮುರಿ ಕೊಟ್ಟು, ಚಹಾ ಕೊಟ್ಟು, ನನ್ನ ಅವ್ವನ ಮಂಡಿನೋವಿಗೆ ಎಣ್ಣೆ ಹೇಳಿಕೊಟ್ಟು ಒಂದೇ ಸಮನೆ ಮಾತಾಡಿದರು. ಮತ್ತೆ ಫೋನಿನಲ್ಲಿ ಯಾಕ್ರೀ ಸುಮ್ಮನಿರ್ತೀರಿ ಎಂದು ಕೇಳಿದೆ.

"ಮಾರಿ ಕಾಣದೋರ ಕೂಡ ಏನ್ ಮಾತಾಡೂದ್ರಿ? ನಾ ಅಂದಿದ್ದು ಯಾರ ಕಿವ್ಯಾಗ ಬೀಳತೈತೋ ಏನ ಕತಿಯೋ. ಇವ್ರು ಕಂಬ ಹತ್ತಿ ಊರಿಗೆಲ್ಲಾ ಮಾತು ಮುಟ್ಟಿಸಿದ್ರು. ನಾ ಒಂದ ದಿನ ಹಲೋ ಅಂದಾಕಿ ಅಲ್ಲ."

ಆಮೇಲೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ನನ್ನ ಕೆಲಸದ ಬಗ್ಗೆ ಒಂದೊಂದೇ ಕೇಳಿದರು. ತೆಗೆದ ಜಾಗದಲ್ಲಿ ಏನು ಇಡುತ್ತೀರಿ, ನೋಡಿದವರಿಗೆ ಗೊತ್ತಾಗುತ್ತದೆಯೇ, ಹೆಣ್ಣಿನ ಕಣ್ಣು ಗಂಡಸಿಗೆ ಹಾಕಿದರೆ ನಡೆಯುತ್ತದೆಯೇ. ಸಂಗಪ್ಪನವರು, "ಸಾಹೇಬ್ರಿಗೆ ಚಹಾ ಕುಡ್ಯಾಕ ಬಿಡ್ತೀಯೋ ಇಲ್ಲೋ?" ಎಂದು ಗದರಿದರು. ನಮ್ಮ ಮೂವರ ಕರಾರು ಆವತ್ತು ಆಯಿತು. ಟೆಸ್ಟಿಂಗ್ ಆದರೆ ಬಳೆ ಸದ್ದಿನ ಹಿಂದೆ ಸಂಗಪ್ಪನವರ ದನಿ ಕೇಳಬೇಕು. ಅವರ ದನಿ ಬರಲಿಲ್ಲವೆಂದರೆ ಅವರಿಲ್ಲ, ನಾನು ಹೊರಟುಬರಬೇಕು.

ಇಷ್ಟಾದ ಮೇಲೆ ನಮ್ಮ ಆಡಳಿತಾಧಿಕಾರಿಗಳು ನವನಗರದಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ನಮ್ಮನ್ನೆಲ್ಲ ಕರೆದರು. ಹೋಮಕ್ಕೆ ಪೂರ್ಣಾಹುತಿ ಕೊಡುವ ಹೊತ್ತಿಗೆ ಸರಿಯಾಗಿ ನನ್ನ ಜೇಬು ಬಾರಿಸಿತು. ನಾನು ಎತ್ತಿ, ಮೆಲ್ಲಗೆ, "ಯಾವಾಗ ಹೋದ್ರು?" ಎಂದು ಕೇಳಿದ್ದು ಆ ಹೊಸ ಮನೆಯ ಖಾಲಿ ಗೋಡೆಗಳಿಗೆ ಬಡಿದು ಎಲ್ಲರಿಗೂ ಕೇಳಿಸಿತು. ಅವರ ಹೆಂಡತಿ ತುಪ್ಪದ ಬಟ್ಟಲು ಹಿಡಿದುಕೊಂಡೇ ನನ್ನ ಕಡೆ ಒಂದು ನೋಟ ನೋಡಿದರು. ನನ್ನ ಇಷ್ಟು ವರ್ಷದ ಗೋಗರೆತ ಮಾಡದ್ದನ್ನು ಆ ನೋಟ ಮಾಡಿತು. ವಾರ ತುಂಬುವುದರೊಳಗೆ ದವಾಖಾನೆಗೆ ಡ್ಯೂಟಿ ಫೋನ್ ಬಂತು.

ಕರೀ ಬಣ್ಣದ್ದು, ಬಟನ್ನಿನದು. ಹೊರಗಿನ ಕರೆ ಬರುತ್ತದೆ, ಇಲ್ಲಿಂದ ಹೋಗುವುದಿಲ್ಲ. ನೌಕರರು ಸ್ವಂತಕ್ಕೆ ಬಳಸಬಾರದೆಂದು ಹಾಗೆ ಮಾಡಿಸಿದ್ದರು. ಪಾಳಿ ಇದ್ದವರು ಅದನ್ನು ಇಟ್ಟುಕೊಳ್ಳಬೇಕು, ಉಳಿದವರು ಆರಾಮ ಇರಬೇಕು. ಹೊಸ ನಂಬರಿನ ಪೋಸ್ಟರ್ ಹಳೆಯದರ ಮೇಲೆ ಬಂತು. ನಮ್ಮ ಮನೆಯಲ್ಲಿ ಹಬ್ಬ! ಅವ್ವ ನನ್ನ ಫೋನಿಗೆ ತುಳಸಿ ನೀರು ಚಿಮುಕಿಸಿ ಪಡಸಾಲೆಯ ತನಕ ಬರಲು ಬಿಟ್ಟಳು. ಸುಧಾ, "ಇನ್ನ ನಿಮ್ಮ ಪಾಳಿ ಇಲ್ಲದ ದಿನಾ ಅದನ್ನ ಬಂದ್ ಮಾಡಿ ಇಡ್ರಿ. ಒಂದಿನಾನರ ಮನಷ್ಯಾರಂಗ ಕುಂತು ಉಣ್ಣೂಣು" ಎಂದಳು. ಅವಳ ಮಾತಿನಲ್ಲಿ ತಪ್ಪೇನಿತ್ತು? ದುಡಿಸಿಕೊಳ್ಳುವವರು ಫೋನ್ ಕೊಡಬೇಕು, ಪಾಳಿ ಮುಗಿದ ಮೇಲೆ ನಮ್ಮ ಕಿವಿ ನಮಗೆ ತಿರುಗಿ ಕೊಡಬೇಕು. ಇದನ್ನು ನಾನೇ ಎಷ್ಟು ಸಲ ಭಾಷಣ ಮಾಡಿದ್ದೆನೋ.

ಆದರೆ ಮರೋಳದ ಬಟನ್ ಇತ್ತಲ್ಲ. ಹೊಸ ನಂಬರಿಗೆ ಬದಲಾಯಿಸಿ ಕೊಡೋಣವೆಂದು ಹೋದರೆ ಸಂಗಪ್ಪನವರು ಫೋನನ್ನು ಎದೆಗೆ ಅವಚಿಕೊಂಡರು. "ಅದನ್ನ ಯಾರ್ ಎತ್ತತಾರ್ರಿ?"

"ಪಾಳಿ ಇದ್ದವರು. ನಾ, ಮಹಾಂತೇಶ, ಇನ್ನೊಬ್ಬರು."

"ಈಕಿ ಮಾತಾಡೂದಿಲ್ಲ. ಅವ್ರು ಎರಡ ಸರ್ತಿ ಹಲೋ ಅಂದು ಇಟ್ಟಬಿಡ್ತಾರ. ಸುಮ್ಮನಿದ್ದದ್ದು ತಿಳಿಯೂದು ನಿಮಗೊಬ್ಬರಿಗೆ ಜೋಶಿಯವರ. ನಿಮ್ಮ ಕಿವಿ ಇರೂತನಕ ನನ್ನ ಕಣ್ಣಿಗೆ ಕಾಳಜಿ ಇಲ್ಲ."

ಮಹಾಂತೇಶ ನನ್ನ ಜೊತೆಯ ತಂತ್ರಜ್ಞ, ಒಳ್ಳೆಯವನೇ. ಆದರೆ ಸುಮ್ಮನಿರುವ ಫೋನಿಗೆ ಕಿವಿ ಹಚ್ಚಿ ಕೂಡುವ ಪೈಕಿ ಅಲ್ಲ. ನಾನು ಬಟನ್ನನ್ನು ಮುಟ್ಟದೆ ಬಂದೆ. ಸುಧಾಗೆ ಹೇಳಲಿಲ್ಲ. ಪಾಳಿ ಇಲ್ಲದ ದಿನವೂ ಫೋನ್ ಚಾಲೂ ಇಟ್ಟು, ಸದ್ದು ಸಣ್ಣದು ಮಾಡಿ, ಹಾಲಿನವನ ಹೊತ್ತಿಗೆ ಪಡಸಾಲೆಯಲ್ಲಿ ಪೇಪರ್ ಹಿಡಿದು ಕೂಡತೊಡಗಿದೆ. ಉಸಿರು, ಬಳೆ, "ಸಾಕು, ಬಿಡು". ಖರೆ ಹೇಳುತ್ತೇನೆ, ಆ ಮೂರು ಕೇಳದಿದ್ದರೆ ಈಗ ನನಗೆ ಅವಲಕ್ಕಿ ಸೇರುತ್ತಿರಲಿಲ್ಲ.

ಆ ದಿನ ನನ್ನ ಪಾಳಿ ಇರಲಿಲ್ಲ. ಫೋನ್ ಬಂತು, ಎತ್ತಿದೆ. ಉಸಿರಿತ್ತು. ದಿನಾ ಕೇಳುವ ಉಸಿರಲ್ಲ, ಎಳೆದೆಳೆದು ಬಿಡುವ ದೊಡ್ಡ ಉಸಿರು. ಬಳೆ ಸದ್ದಿಗೆ ಕಾದೆ. ಬರಲಿಲ್ಲ. ಸಾಕು ಬಿಡು ಎನ್ನುವುದಕ್ಕೆ ಕಾದೆ. ಅದೂ ಬರಲಿಲ್ಲ. "ಸಂಗಪ್ಪನವರ?" ಎಂದೆ. ಉಸಿರು ಒಂದು ಗಳಿಗೆ ನಿಂತಿತು, ಮತ್ತೆ ಶುರುವಾಯಿತು.

ಹೋದರು, ಎಂದುಕೊಂಡೆ. ಬಳೆ ಯಾಕೆ ಕೇಳಲಿಲ್ಲವೆಂಬುದೂ ಹೊಳೆಯಿತು. ಇಷ್ಟು ಬೇಗ ಬಳೆ ತೆಗೆಸಿಬಿಟ್ಟರೇ ಆ ತಾಯಿಯ ಕೈಯಿಂದ? ತೆಗೆಸಿದ್ದಾರೆಂದರೆ ಅಣ್ಣನ ಮಕ್ಕಳಿಗೆ ತಿಳಿದಿದೆ. ತಿಳಿದಿದೆ ಎಂದರೆ ಕೂಡಿಸುತ್ತಿದ್ದಾರೆ. ಸುಧಾಳ ಫೋನಿನಿಂದ ಮಹಾಂತೇಶನಿಗೆ ಹೇಳಿ, ಜೀಪು ತರಿಸಿಕೊಂಡು ಹೊರಟೆ. ಅವ್ವ ಬಾಗಿಲಲ್ಲಿ ನಿಂತು, "ಮರೋಳದವರೇನು?" ಎಂದಳು. ಹೌದೆಂದೆ. ಮೈಲಿಗೆಯ ಮಾತೆತ್ತದೆ ಒಳಗೆ ಹೋದಳು.

ನನ್ನ ಫೋನ್ ಇನ್ನೂ ಬಂದಾಗಿರಲಿಲ್ಲ. ಆ ಕಡೆ ಯಾರೂ ಇಟ್ಟಿರಲಿಲ್ಲ, ನನಗೆ ಇಡಲು ಧೈರ್ಯವಾಗಲಿಲ್ಲ. ಕಿವಿಗೆ ಹಚ್ಚಿಕೊಂಡೇ ಜೀಪಿನಲ್ಲಿ ಕುಳಿತೆ. ಬಾಗಲಕೋಟೆ ಹಿಂದೆ ಬಿತ್ತು, ಜೋಳದ ಹೊಲಗಳು ಬಂದವು, ಉಸಿರು ನನ್ನ ಕಿವಿಯಲ್ಲೇ ಇತ್ತು. ಸ್ಟೇರಿಂಗ್ ಹಿಡಿದಿದ್ದ ಮಹಾಂತೇಶ ತಿರುತಿರುಗಿ ನೋಡುತ್ತಿದ್ದ. "ಸರ್, ಒಂದ್ ಮಾತು ಆಡಿಲ್ಲ, ಸತ್ತಾರಂತ ಯಾರೂ ಹೇಳಿಲ್ಲ. ನನ್ನ ಕಡೆ ಇರೋ ಡ್ಯೂಟಿ ಫೋನ್ ಬಾರಿಸೇ ಇಲ್ಲ. ನಾವು ಯಾರ ಮಾತ ಕೇಳಿ ಹೊಂಟೀವ್ರಿ?" ಎಂದ. ನಾನು ಫೋನನ್ನು ಅವನ ಕಿವಿಗೆ ಹಿಡಿದೆ. ಅವನು ಕೇಳಿಸಿಕೊಂಡು ಗಾಡಿಯ ವೇಗ ಹೆಚ್ಚಿಸಿದ. ಅಮೀನಗಡ ದಾಟಿದ ಮೇಲೆ ಸಿಗ್ನಲ್ ಹೋಯಿತು. ಉಸಿರು ಸಟ್ಟನೆ ನಿಂತಿತು.

ಮರೋಳದಲ್ಲಿ ಮನೆಯ ಮುಂದೆ ಜನವಿರಲಿಲ್ಲ. ಅಳುವಿನ ಸದ್ದಿಲ್ಲ. ಪಕ್ಕದ ಮನೆಯಲ್ಲಿ ಯಾರೋ ರೊಟ್ಟಿ ಬಡಿಯುತ್ತಿದ್ದರು. ಅರೆತೆರೆದಿದ್ದ ಬಾಗಿಲು ತಳ್ಳಿ ಒಳಗೆ ಕಾಲಿಟ್ಟೆ. ಪಡಸಾಲೆಯಲ್ಲಿ ಫ್ಯಾನ್ ನಿಂತಿತ್ತು. ಸಂಗಪ್ಪನವರನ್ನು ಗೋಡೆಗೆ ಆನಿಸಿ ಕೂಡಿಸಿಯಾಗಿತ್ತು. ಹಣೆಯಲ್ಲಿ ಮೂರು ಬೆರಳ ವಿಭೂತಿ, ಕಣ್ಣು ಮುಚ್ಚಿದ್ದವು, ಬಾಯಿ ಸ್ವಲ್ಪ ತೆರೆದಿತ್ತು. ತೊಡೆಯ ಮೇಲೆ ಫೋನಿತ್ತು. ಅವರ ಪಕ್ಕಕ್ಕೆ ಚಾಪೆಯ ಮೇಲೆ ನೀಲವ್ವ, ಮುಖಕ್ಕೆ ಸೆರಗು ಎಳೆದುಕೊಂಡು ಮಲಗಿದ್ದರು. ಒಬ್ಬರೇ ಗಂಡನನ್ನು ಎತ್ತಿ ಕೂಡಿಸಿ, ಸೋತು ಹಾಗೇ ಒರಗಿದ್ದಾರೆ ಎಂದುಕೊಂಡೆ. ನಾನು ಬರುವ ತನಕ ಕೂಡಿಸಬ್ಯಾಡ್ರಿ ಅಂತ ಎಷ್ಟು ಸಲ ಹೇಳಿದ್ದೆ ತಾಯೀ!

ಎಬ್ಬಿಸಲು ಮನಸ್ಸಾಗಲಿಲ್ಲ. ಸಂಗಪ್ಪನವರ ಮುಂದೆ ಮೊಣಕಾಲೂರಿ ಕುಳಿತೆ. ಅವರಿಗೆ ಒಮ್ಮೆ ಕೈಮುಗಿದು, ಯಾವಾಗಲೂ ಮಾಡುವಂತೆ, ಹೆಬ್ಬೆರಳಿನಿಂದ ಕಣ್ಣಿನ ರೆಪ್ಪೆಯನ್ನು ಮೆಲ್ಲಗೆ ಎತ್ತಲು ಹೋದೆ.

ರೆಪ್ಪೆ ಬೆಚ್ಚಗಿತ್ತು. ಅದು ನನ್ನ ಬೆರಳ ಕೆಳಗೆ ತಾನೇ ತೆರೆಯಿತು. ಕಣ್ಣು ನನ್ನನ್ನು ನೋಡಿತು.

ಹಿಂದೆ ಡಬ್ಬಿ ಬಿದ್ದ ಸದ್ದಾಯಿತು. ತಿರುಗಿ ನೋಡುವುದರೊಳಗೆ ಮಹಾಂತೇಶ ಓಣಿಯಲ್ಲಿದ್ದ. ನನ್ನ ಹೆಬ್ಬೆರಳು ಇನ್ನೂ ರೆಪ್ಪೆಯ ಮೇಲೇ ಇತ್ತು.

"ನಂದಲ್ರೀ ಜೋಶಿಯವರ" ಎಂದರು ಸಂಗಪ್ಪನವರು. "ಆಕೀದು."

ಸೆರಗು ಸರಿಸಿ ನೋಡಿದೆ. ನೀಲವ್ವನ ತಲೆಯ ಕೆಳಗೆ ಮಡಿಸಿದ ಕೌದಿ ಇತ್ತು. ಎರಡೂ ಕಣ್ಣ ಮೇಲೆ ಹಸಿ ಹತ್ತಿ ಇತ್ತು. ಪಕ್ಕದಲ್ಲಿ ನೀರಿನ ವಾಟಗ. ಹತ್ತಿ ಒಣಗಿದಂತೆಲ್ಲ ಸಂಗಪ್ಪನವರು ತೋಯಿಸಿ ಇಡುತ್ತ ಕುಳಿತಿದ್ದರು. ನೀಲವ್ವನ ಎರಡೂ ಕೈಯಲ್ಲಿ ಹಸಿರು ಬಳೆ ಹಾಗೇ ಇದ್ದವು.

ಅವರು ನನ್ನ ಕಡೆ ನೋಡದೆ, ಗೋಡೆಗೆ ಹೇಳಿದಂತೆ ಹೇಳಿದರು: "ಮುಂಜಾನೆ ಎದಿ ಹಿಡಕೊಂಡು ಕುಂತ್ಲು. ಬಟನ್ ಒತ್ತರಿ ಅಂದ್ಲು. ಯಾಕ, ನನಗೇನಾಗೇತಿ, ನಾ ಗಟ್ಟಿ ಇದ್ದೀನಲ್ಲ ಅಂದೆ. ನಿಮಗಲ್ಲ, ನನಗ ಅಂದ್ಲು. ನನ್ನ ಕಣ್ಣೂ ಒಯ್ಯಲಿ ಅಂದ್ಲು. ನೀರು ತರೂದ್ರಾಗ ಮುಗೀತ್ರಿ." ಹತ್ತಿಯನ್ನು ಮತ್ತೊಮ್ಮೆ ತೋಯಿಸಿ ಇಟ್ಟರು. "ನನ್ನ ಕಣ್ಣ ಸಲುವಾಗಿ ದಿನಾ ಆಕಿ ಕೈಯಾಗ ಬಟನ್ ಒತ್ತಿಸಿದೆ. ನೀನೂ ಕೊಡ್ತೀ ಏನಂತ ಒಂದ ದಿನಾನೂ ಕೇಳಲಿಲ್ರೀ. ಫೋನ್ ಹತ್ತಿತು, ನಿಮ್ಮ ದನಿ ಬಂತು. ಜೀವಮಾನ ಎಲ್ಲಾ ಹಲೋ ಅಂದಾಂವ ನಾ. ಬಾಯಿಗೆ ಬರಲೇ ಇಲ್ಲ."

ನನಗೆ ಅಳು ಬಂತು. ಈ ಕೆಲಸದಲ್ಲಿ ಅಳಬಾರದು. ಅತ್ತೆ. ಮಹಾಂತೇಶ ತಾನೇ ಒಳಗೆ ಬಂದು, ಡಬ್ಬಿ ತೆಗೆದು, ನನ್ನನ್ನು ಪಕ್ಕಕ್ಕೆ ಕೂಡಿಸಿ ಕೆಲಸ ಮಾಡಿದ. ಚೊಕ್ಕಾಗಿ ಮಾಡಿದ. ಸಾಮಾನ್ಯವಾಗಿ ಮನೆಯವರನ್ನು ಹೊರಗೆ ಕಳಿಸುತ್ತೇವೆ. ಸಂಗಪ್ಪನವರು ಏಳಲಿಲ್ಲ, ನಾವು ಏಳಿರೆನ್ನಲಿಲ್ಲ. ಅವರು ಆಕೆಯ ಬಳೆಯ ಕೈ ಹಿಡಿದುಕೊಂಡು ಬಾಗಿಲ ಕಡೆ ನೋಡುತ್ತ ಕುಳಿತಿದ್ದರು. ಎಲ್ಲ ಮುಗಿದ ಮೇಲೆ ಅಣ್ಣನ ಮಕ್ಕಳನ್ನು ಕರೆದರು. ಅವರು ಬಂದು, ನೋಡಿ, ಬಾಯಿ ಮಾಡತೊಡಗಿದರು. "ಆಕಿ ಹೇಳಿ ಹೋಗ್ಯಾಳ. ಮುಗೀತು" ಎಂದರು ಸಂಗಪ್ಪನವರು. ಅಣ್ಣನ ಮಕ್ಕಳ ಮನೆಯ ಹೆಣ್ಣುಮಕ್ಕಳು ಜಳಕಕ್ಕೆ ನೀರು ಕಾಯಿಸಲು ಹೋದರು.

ನಾವು ಜೀಪು ಹತ್ತುವಾಗ ಸಂಗಪ್ಪನವರು ಹಿಂದೆಯೇ ಬಂದು ಬಾಗಿಲು ಹಿಡಿದು ನಿಂತರು. "ಇನ್ನ ನನ್ನ ಸಲುವಾಗಿ ಒತ್ತೋರು ಯಾರ್ರೀ?" ಎಂದರು.

ಇದಕ್ಕೆ ದವಾಖಾನೆಯ ಪೋಸ್ಟರಿನಲ್ಲಿ ಉತ್ತರವಿಲ್ಲ. "ನಾ ಒತ್ತತೇನಿ" ಎಂದುಬಿಟ್ಟೆ. "ದಿನಾ ಮುಂಜಾನೆ ನಾ ಫೋನ್ ಮಾಡ್ತೇನಿ. ನೀವು ಎತ್ತಲಿಲ್ಲಂದ್ರ ಹೊಂಟು ಬರ್ತೇನಿ."

ಅವರು ಲೈನ್‌ಮನ್ನರ ಹಾಗೆ ವಿಚಾರ ಮಾಡಿದರು. "ಲೈನ್ ಕೆಟ್ಟಿತ್ತಂದ್ರ?"

"ಆದ್ರೂ ಬರ್ತೇನಿ."

ಡ್ಯೂಟಿ ಫೋನಿನಿಂದ ಹೊರಗೆ ಕರೆ ಹೋಗುವುದಿಲ್ಲವೆಂದು ಹೇಳಿದೆನಲ್ಲ. ಅದನ್ನು ಬಿಡಿಸಿಕೊಡಿರೆಂದು ಆಡಳಿತಾಧಿಕಾರಿಗಳನ್ನು ಕೇಳಿದೆ. ಇದ್ದವರಿಗೆ ಫೋನ್ ಮಾಡುವುದು ದವಾಖಾನೆಯ ಕೆಲಸದಲ್ಲಿ ಬರುವುದಿಲ್ಲ ಎಂದರು. ಸರಿ, ಬರುವುದಿಲ್ಲ. ನನ್ನ ಫೋನ್ ಮತ್ತೆ ಕಿಟಕಿಗೆ ಹೋಯಿತು. ಸುಧಾ ಈಗ ತವರುಮನೆಯ ಮಾತೆತ್ತುವುದಿಲ್ಲ. ಹಾಲು ಕಾಯಿಸುತ್ತ ಅವ್ವನೇ, "ಮರೋಳಕ್ಕ ಮಾಡಿದ್ಯೇನೋ?" ಎಂದು ಕೇಳುತ್ತಾಳೆ.

ಮಾಡುತ್ತೇನೆ. ಆ ಕಡೆ ಬಾರಿಸುತ್ತದೆ. ಬಾರಿಸುತ್ತಲೇ ಇರುತ್ತದೆ. ಅವರಿಗೆ ಮೊಣಕಾಲು ನೋವು, ಎದ್ದು ಬರಲು ಹೊತ್ತು ಹಿಡಿಯುತ್ತದೆ ಎಂಬುದು ನನಗೆ ಗೊತ್ತು. ಗೊತ್ತಿದ್ದೂ ನಾನು ಅಷ್ಟರಲ್ಲಿ ಚಪ್ಪಲಿ ಮೆಟ್ಟಿ, ಮೆಟ್ಟಿಲಿಳಿದು ಗೇಟಿಗೆ ಬಂದು ನಿಂತಿರುತ್ತೇನೆ. ಆಮೇಲೆ ಎತ್ತುತ್ತಾರೆ. "ಹಲೋ" ಎನ್ನುತ್ತಾರೆ. ನನಗೆ ತಕ್ಷಣ ಮಾತು ಹೊರಡುವುದಿಲ್ಲ.

"ಹಲೋ... ಹಲೋ... ಯಾರದೀರಿ? ಬರೇ ಉಸಿರು ಕೇಳಾಕತ್ತೈತಿ, ಮಾತಾಡ್ರೆಲಾ!"